ಫುಲ್ ಜಿಸಿ ಆದ ಮೇಲೆ ಎಷ್ಟು ಉಳಿಯುತ್ತೆ ನೋಡಿ

ಹುಬ್ಬಳ್ಳಿ, 18 ಜುಲೈ 2024, ಗುರುವಾರ

ಲಾರಿ ಬುಕಿಂಗ್ ಸಾಫ್ಟ್‌ವೇರಿನ ಮೆಮೊರಿ ಲೀಕ್ (ಬೇಡವಾದ ಮೇಲೂ ಮೆಮೊರಿ ಬಿಟ್ಟುಕೊಡದ ತಪ್ಪು) ಇವತ್ತು ಸಿಕ್ಕಿತು. ಹೇಗೆ ಸಿಕ್ಕಿತು ಅನ್ನೋದನ್ನ ಬಿಸಿಬಿಸಿ ಇರುವಾಗಲೇ ಬರೆದಿಡುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತೆ.

ಇಲ್ಲಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಅಪ್ಲಿಕೇಶನ್ ಇದು. ಜಾವಾ 11, ಹೀಪ್ (ಜಾವಾ ತನ್ನ ಡೇಟಾ ಇಟ್ಟುಕೊಳ್ಳುವ ಮೆಮೊರಿ) 4 ಜಿಬಿ. ಗದಗ, ಹಾವೇರಿ, ರಾಣೆಬೆನ್ನೂರು ಶಾಖೆಯವರೆಲ್ಲ ಹಗಲೂ ರಾತ್ರಿ ಇದರಲ್ಲೇ ಬಿಲ್ಟಿ (ಸರಕು ಬುಕ್ ಮಾಡಿದ ರಸೀದಿ) ಮಾಡುತ್ತಾರೆ. ದಿನಾ ಬೆಳಗಿನ ಜಾವ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ಸವಲತ್ತು) ಇದನ್ನು ರೀಸ್ಟಾರ್ಟ್ ಮಾಡುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿ ಸೀಸನ್‌ನಲ್ಲಿ ಅದೂ ಸಾಲದೆ ಮಧ್ಯಾಹ್ನವೇ ಉಸಿರುಗಟ್ಟುತ್ತಿತ್ತು. ಗದಗ ಶಾಖೆಯಿಂದ ಫೋನ್: "ಮೇಡಂ, ಪಾವತಿ ಬರವಲ್ದರೀ, ಬರೇ ಚಕ್ರ ತಿರಗಾಕತ್ತೈತಿ." ಈ ಸೀಸನ್ ಲೆಕ್ಕವೇ ದೊಡ್ಡ ಸುಳಿವು. ಲೀಕ್ ಗಂಟೆ ಕಳೆದಂತೆ ಬೆಳೆಯುತ್ತಿಲ್ಲ, ಬಿಲ್ಟಿ ಹೆಚ್ಚಾದಂತೆ ಬೆಳೆಯುತ್ತಿದೆ. ಅಂದರೆ ಹುಡುಕಬೇಕಾದ್ದು ಬುಕಿಂಗ್ ಕೋಡಿನಲ್ಲೇ.

ನಮ್ಮ ಟೀಮಿನ ಹುಡುಗ "ಹೀಪ್ 6 ಜಿಬಿ ಮಾಡಿಬಿಡೂಣೇನ್ರಿ ಅಕ್ಕಾ?" ಅಂದ. ಬೇಡ ಅಂದೆ. ಲೀಕ್ ಇದ್ದರೆ 6 ಜಿಬಿಯೂ ತುಂಬುತ್ತೆ, ಸ್ವಲ್ಪ ತಡವಾಗಿ ತುಂಬುತ್ತೆ ಅಷ್ಟೇ. ಮೊದಲು ಕ್ರಾನ್ ರೀಸ್ಟಾರ್ಟ್ ನಿಲ್ಲಿಸಿದೆವು. ರೀಸ್ಟಾರ್ಟ್ ಮಾಡಿದ ಕೂಡಲೇ ಸಾಕ್ಷಿಯೆಲ್ಲ ಅಳಿಸಿಹೋಗುತ್ತೆ, ಆಮೇಲೆ ಸುಮ್ನೆ ಊಹೆ ಮಾಡುತ್ತಾ ಕೂರಬೇಕು.

ಹೀಪ್ ಶೇಕಡಾ 90 ತುಂಬಿದೆ ಅಂತ ಗಾಬರಿಯಾಗುವವರು ಜಾಸ್ತಿ. ಅದೊಂದೇ ರೋಗವಲ್ಲ. ಕಸ ತುಂಬುವವರೆಗೂ ಜಾವಾ ಸುಮ್ಮನಿರುತ್ತೆ, ಆಮೇಲೆ ಗುಡಿಸುತ್ತೆ. ಈ ಗುಡಿಸೋದೇ ಜಿಸಿ (ಗಾರ್ಬೇಜ್ ಕಲೆಕ್ಷನ್), ಇಡೀ ಹೀಪ್ ಗುಡಿಸಿದರೆ ಫುಲ್ ಜಿಸಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ತುಂಬಿ ಹೊರಟರೆ ಯಾರೂ ಚಿಂತೆ ಮಾಡಲ್ಲ, ಧಾರವಾಡದ ಕೊನೇ ಸ್ಟಾಪಿನಲ್ಲೂ ಇಳಿಯದೆ ಕುಳಿತವರು ಟ್ರಿಪ್ಪಿಂದ ಟ್ರಿಪ್ಪಿಗೆ ಹೆಚ್ಚುತ್ತಾ ಹೋದರೆ ಚಿಂತೆ. ಜಿಸಿ ಅಂಕಿ ತೋರಿಸುವ ಜೆಸ್ಟ್ಯಾಟ್‌ನಲ್ಲಿ ಓಲ್ಡ್ ಜನರೇಷನ್ (ಬಹಳ ಹೊತ್ತು ಉಳಿದ ಆಬ್ಜೆಕ್ಟುಗಳ ಜಾಗ) ಕಾಲಮ್ ನೋಡುತ್ತಾ ಹೋದೆವು. ಫುಲ್ ಜಿಸಿ ಆದ ಮೇಲೆ ಉಳಿದದ್ದು ಮೊದಲು ಶೇಕಡಾ 18, ಆಮೇಲೆ 37, ಆಮೇಲೆ 55. ಒಮ್ಮೆಯೂ ಕೆಳಗಿಳಿಯಲಿಲ್ಲ. ಲೀಕ್ ಇರೋದು ಖಾತ್ರಿಯಾಯಿತು.

ಜೆಮ್ಯಾಪ್‌ನ ಲೈವ್ ಹಿಸ್ಟೋಗ್ರಾಮ್ (ಬಳಕೆಯಲ್ಲಿರುವ ಆಬ್ಜೆಕ್ಟುಗಳ ಕ್ಲಾಸುವಾರು ಲೆಕ್ಕ) ತೆಗೆದರೆ ಮೇಲಿನ ಸಾಲುಗಳಲ್ಲಿ ಬೈಟ್ ಅರೇ, ಸ್ಟ್ರಿಂಗ್. ಅದು ಹೆಚ್ಚುಕಡಿಮೆ ಯಾವ ಜಾವಾ ಅಪ್ಲಿಕೇಶನ್‌ನಲ್ಲೂ ಹಾಗೇ ಇರುತ್ತೆ, ಜಾವಾ 9ರಿಂದ ಸ್ಟ್ರಿಂಗ್ ಒಳಗಿರೋದೂ ಬೈಟ್ ಅರೇನೇ ಅಲ್ವಾ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಆಗ ನಮ್ಮದೇ ಕ್ಲಾಸುಗಳಲ್ಲಿ ಯಾವುದು ಬೆಳೆದಿದೆ ಗೊತ್ತಾಗುತ್ತೆ. ನಮ್ಮಲ್ಲಿ ಬೆಳೆದದ್ದು ದರಪಟ್ಟಿಯ ಕ್ಲಾಸು. ಏನು ಬೆಳೆದಿದೆ ಅನ್ನೋದು ಸಿಕ್ಕಿತು, ಅದನ್ನ ಹಿಡಿದುಕೊಂಡವರು ಯಾರು ಅನ್ನೋದು ಹೀಪ್ ಡಂಪ್‌ನಲ್ಲೇ (ಇಡೀ ಹೀಪಿನ ನಕಲು ಫೈಲು) ಸಿಗಬೇಕು.

ಡಂಪ್ ತೆಗೆಯುವಾಗ ಅಪ್ಲಿಕೇಶನ್ ನಿಂತುಬಿಡುತ್ತೆ. ಅದಕ್ಕೇ ಊಟದ ಹೊತ್ತಿನಲ್ಲಿ, ಶಾಖೆಗಳಿಗೆಲ್ಲ ಹೇಳಿಯೇ ತೆಗೆದೆವು. ಫೈಲು 3 ಜಿಬಿ ಹತ್ತಿರ ಬಂತು, ಡಿಸ್ಕಿನಲ್ಲಿ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇನ್ನೊಂದು ಮಾತು, ಡಂಪ್‌ನಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರು, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಓದೋ ಹಾಗೇ ಇರುತ್ತೆ. ಅದನ್ನ ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ಓಡಾಡಿಸಲೇಬಾರದು.

ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ತೆರೆದು ಡಾಮಿನೇಟರ್ ಟ್ರೀ (ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆ ಅನ್ನೋ ಪಟ್ಟಿ) ನೋಡಿದರೆ ಮೊದಲ ಸಾಲಿನಲ್ಲೇ ಒಂದು ಕಾನ್‌ಕರೆಂಟ್ ಹ್ಯಾಶ್‌ಮ್ಯಾಪ್, ಅಂದರೆ ಕೀ ಕೊಟ್ಟು ಬೆಲೆ ಹುಡುಕುವ ಪಟ್ಟಿ. ಅದರ ಶಾಲೋ ಹೀಪ್ (ತನ್ನದೇ ಗಾತ್ರ) ಕೆಲವೇ ಬೈಟು, ರಿಟೈನ್ಡ್ ಹೀಪ್ (ಅದು ಹಿಡಿದಿಟ್ಟಿದ್ದೆಲ್ಲ ಸೇರಿ) 2 ಜಿಬಿಗೂ ಜಾಸ್ತಿ. ಅದೊಂದನ್ನ ಬಿಟ್ಟರೆ ಅಷ್ಟೂ ಜಾಗ ಖಾಲಿಯಾಗುತ್ತೆ ಅಂತ ಅರ್ಥ. ಸ್ಟ್ಯಾಟಿಕ್ ಫೀಲ್ಡಿನಲ್ಲಿ (ಪ್ರೋಗ್ರಾಂ ಓಡುವವರೆಗೂ ಉಳಿಯುವ ಜಾಗ) ಇರೋದರಿಂದ ಜಿಸಿ ಅದನ್ನ ಮುಟ್ಟೋದಿಲ್ಲ. ಒಳಗಿನ ಕೀಗಳನ್ನ ಬಿಚ್ಚಿ ನೋಡಿದೆ: ಹುಬ್ಬಳ್ಳಿ, ಗದಗ, ಹತ್ತಿ. ಅದರ ಕೆಳಗೆ ಹುಬ್ಬಳ್ಳಿ, ಗದಗ, ಹತ್ತಿ. ಮತ್ತೆ ಅದೇ, ಮತ್ತೆ ಅದೇ, ಸ್ಕ್ರೋಲ್ ಮಾಡಿದಷ್ಟೂ ಅದೇ. ಪ್ರತಿಯೊಂದರ ಬೆನ್ನಿಗೂ ಇಡೀ ದರಪಟ್ಟಿಯ ಒಂದೊಂದು ನಕಲು.

ಎರಡು ಕೀ ಸಮವೋ ಅಂತ ಹೇಳುವ ಮೆಥಡ್‌ಗಳಾದ ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ಕೀ ಕ್ಲಾಸಿಗೆ ಯಾರೂ ಬರೆದಿರಲಿಲ್ಲ. ಹಾಗಿದ್ದರೆ ಹೊಸದಾಗಿ ಮಾಡಿದ ಕೀ ಹಳೆಯದಕ್ಕೆ ಸಮ ಅಂತ ಜಾವಾಗೆ ತಿಳಿಯೋದೇ ಇಲ್ಲ. ಕ್ಲರ್ಕ್ ತೂಕ ಟೈಪ್ ಮಾಡಿದಾಗಲೆಲ್ಲ ದರ ಹುಡುಕುತ್ತೆ, ಸಿಗಲ್ಲ, ಡೇಟಾಬೇಸ್‌ನಿಂದ ತರುತ್ತೆ, ಮ್ಯಾಪಿಗೆ ಹೊಸದಾಗಿ ಸೇರಿಸುತ್ತೆ. ವೇಗಕ್ಕೆ ಅಂತ ಇಟ್ಟ ಆ ಕ್ಯಾಶ್ (ಒಮ್ಮೆ ತಂದ ದರವನ್ನ ಹತ್ತಿರ ಇಟ್ಟುಕೊಳ್ಳುವ ಈ ಮ್ಯಾಪ್) ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ.

ಎರಡು ಮೆಥಡ್ ಬರೆದರೆ ಮುಗೀತು ಅಂದ ಹುಡುಗ. ಮುಗಿಯಲಿಲ್ಲ. ಇಷ್ಟು ದಿನ ಆಫೀಸಿನಲ್ಲಿ ದರ ಬದಲಿಸಿದ ಕೂಡಲೇ ಶಾಖೆಗಳಲ್ಲಿ ಹೊಸ ದರ ಕಾಣುತ್ತಿತ್ತು, ಯಾಕಂದ್ರೆ ಪ್ರತಿ ಸಲವೂ ಡೇಟಾಬೇಸಿಗೇ ಹೋಗುತ್ತಿತ್ತು. ಕ್ಯಾಶ್ ಸರಿಯಾದರೆ ಹಳೇ ದರವೇ ಗಟ್ಟಿಯಾಗಿ ಕೂತುಬಿಡುತ್ತೆ, ಬಿಲ್ಟಿಯಲ್ಲಿ ದುಡ್ಡೇ ತಪ್ಪಾಗುತ್ತೆ! ಹಾಗಾಗಿ ದರ ಸೇವ್ ಆದಾಗ ಆ ರೂಟಿನ ಎಂಟ್ರಿ ತೆಗೆಯೋ ಹಾಗೆ ಮಾಡಿ, ಮ್ಯಾಪಿಗೂ ಒಂದು ಮಿತಿ ಹಾಕಿ, ಟೆಸ್ಟ್ ಸರ್ವರಿನಲ್ಲಿ ಒಂದೇ ಸಮ ಬುಕಿಂಗ್ ಓಡಿಸಿದೆವು. ಈಗ ಫುಲ್ ಜಿಸಿ ಆದ ಮೇಲೆ ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತಿದೆ. ರಾತ್ರಿ ಲೈವ್‌ಗೆ ಹಾಕಿದೆವು. ಔಟ್ ಆಫ್ ಮೆಮೊರಿ ಆದರೆ ತಾನೇ ಡಂಪ್ ಬರೆಯುವ ಆಯ್ಕೆಯನ್ನೂ ಸೇರಿಸಿದ್ದೇವೆ. ಆದರೆ ಲಿನಕ್ಸ್ ಕರ್ನಲ್ಲೇ ಪ್ರೋಸೆಸ್ಸನ್ನ ಕೊಂದರೆ ಆ ಡಂಪ್ ಬರಲ್ಲ, ಆಗ ಕರ್ನಲ್ ಲಾಗ್ ನೋಡಬೇಕು.

ಒಂದು ಬಾಕಿ ಇದೆ. ಹೀಪ್ 4 ಜಿಬಿ ಇದ್ದರೂ ಲಿನಕ್ಸಿನ ಟಾಪ್ ಕಮಾಂಡಿನಲ್ಲಿ ಪ್ರೋಸೆಸ್ 5 ಜಿಬಿ ದಾಟಿ ತೋರಿಸುತ್ತಿತ್ತು. ಥ್ರೆಡ್ ಸ್ಟ್ಯಾಕ್, ಮೆಟಾಸ್ಪೇಸ್ (ಕ್ಲಾಸುಗಳ ಮಾಹಿತಿ ಇರುವ ಜಾಗ), ಡೈರೆಕ್ಟ್ ಬಫರ್ ಎಲ್ಲ ಹೀಪಿನ ಹೊರಗಿರೋದರಿಂದ ಸ್ವಲ್ಪ ಹೆಚ್ಚಿರೋದು ಸಹಜ, ಅದು ಬೆಳೆಯುತ್ತಿದೆಯಾ ಅನ್ನೋದೇ ಪ್ರಶ್ನೆ. ಅದನ್ನ ಅಳೆಯುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಶುರುವಿನಲ್ಲೇ ಆನ್ ಮಾಡಬೇಕಾದ್ದು, ಇವತ್ತಿನ ಸ್ಟಾರ್ಟ್‌ನಲ್ಲಿ ಮಾಡಿ ಬೇಸ್‌ಲೈನ್ (ಹೋಲಿಸಲು ಮೊದಲ ಲೆಕ್ಕ) ತೆಗೆದಿಟ್ಟಿದ್ದೇನೆ. ಸೋಮವಾರ ಡಿಫ್ (ಅದರಿಂದ ಆದ ವ್ಯತ್ಯಾಸ) ತೆಗೆದು ನೋಡುತ್ತೇವೆ.