ಅಮ್ಮ ಬಾರ್‌ನಲ್ಲಿ ಕೂತ ಶುಕ್ರವಾರ

ಫೋಟೋ ಕಳಿಸಿದ್ದು ನನ್ನದೇ ತಪ್ಪು. ಎತ್ತರದ ಸ್ಟೂಲ್ ಮೇಲೆ ಅಮ್ಮ. ಮೈಸೂರು ಸಿಲ್ಕ್ ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ನನ್ನ ಹಳೇ ಸ್ಪೋರ್ಟ್ಸ್ ಶೂ. ಕೈಯಲ್ಲಿ ಕೆಂಪು ಬಣ್ಣದ ಲೋಟ, ಅದರೊಳಗೊಂದು ಚೆರ್ರಿ. ಹಿಂದೆ ಸಾಲು ಸಾಲು ಬಾಟಲಿ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ದಾವಣಗೆರೆಯಿಂದ ಚಿಕ್ಕಮ್ಮನ ಫೋನ್. ಅಲ್ಲಿ ಶನಿವಾರ ಬೆಳಿಗ್ಗೆ. ಪೂಜೆ ಅರ್ಧಕ್ಕೇ ಬಿಟ್ಟು ಬಂದಿರಬೇಕು. "ಅಕ್ಕನಿಗೆ ಏನೇ ಕುಡಿಸ್ತಿದೀಯ?"

ಅದು ಕಿಡ್ಡಿ ಕಾಕ್‌ಟೇಲ್. ಸ್ಪ್ರೈಟ್‌ಗೆ ಕೆಂಪು ಸಿರಪ್ ಸುರಿದು, ಚೆರ್ರಿ ಹಾಕಿ ಮಕ್ಕಳಿಗೆ ಕೊಡುವಂಥದ್ದು. ಎಷ್ಟು ಹೇಳಿದರೂ ಚಿಕ್ಕಮ್ಮ ನಂಬಲಿಲ್ಲ. ಅವರು ನಂಬೋದು ಕಮ್ಮಿ, ಹಂಚೋದು ಜಾಸ್ತಿ.

ನಾವಿರೋದು ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಅಮ್ಮ ಬಂದು ಐದು ತಿಂಗಳಾಯಿತು, ಈ ಗುರುವಾರ ವಾಪಸ್ಸು. ಹೋಗುವ ಮುಂಚೆ ಒಮ್ಮೆ ಸಪ್ಪರ್ ಕ್ಲಬ್ಬಿಗೆ ಕರೆದುಕೊಂಡು ಹೋಗು ಅಂತ ಆಫೀಸಿನಲ್ಲಿ ಒಬ್ಬರು ದುಂಬಾಲು ಬಿದ್ದಿದ್ದರು. ನಲವತ್ತು ವರ್ಷದಿಂದ ಪ್ರತಿ ಶುಕ್ರವಾರ ಒಂದೇ ಕಡೆ ಹೋಗಿ ಒಂದೇ ಮೀನು ತಿನ್ನುವ ಮನುಷ್ಯ. ಒಳ್ಳೆಯವರೇ. ಆದರೆ ಅಲ್ಲಿನ ರೀತಿನೀತಿ ಒಂದನ್ನೂ ಹೇಳಲಿಲ್ಲ. ಇಲ್ಲಿಯವರ ಅಭ್ಯಾಸವೇ ಅದು, ತಮಗೆ ಗೊತ್ತಿರೋದು ಊರಿಗೆಲ್ಲ ಗೊತ್ತು ಅಂದುಕೊಳ್ಳೋದು.

"ಕ್ಲಬ್ಬಾ? ಇಸ್ಪೀಟು ಆಡ್ತಾರಾ?" ಅಮ್ಮನ ಮೊದಲ ಪ್ರಶ್ನೆ.

ಇಲ್ಲಮ್ಮ, ಸುಮ್ನೆ ಹೆಸರಷ್ಟೆ, ರಾತ್ರಿ ಊಟದ ಹೋಟೆಲು. ಮೆಂಬರ್‌ಶಿಪ್ ಏನೂ ಇಲ್ಲ, ಯಾರು ಬೇಕಾದರೂ ಹೋಗಬಹುದು ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಓ, ನಮ್ಮ ಕಾಫಿ ಕ್ಲಬ್ಬಿನ ಹಾಗೆ" ಅಂದರು. ನನಗೆ ಹೊಳೆದೇ ಇರಲಿಲ್ಲ. ಹಿಂದೆ ನಮ್ಮ ಕಡೆ ಹೋಟೆಲಿಗೆ ಕ್ಲಬ್ಬು ಅಂತಲೇ ಅನ್ನುತ್ತಿದ್ದರಲ್ವಾ. ಎಂ.ಟಿ.ಆರ್. ಕೂಡ 1924ರಲ್ಲಿ ಶುರುವಾದಾಗ ಬ್ರಾಹ್ಮಣರ ಕಾಫಿ ಕ್ಲಬ್ಬೇ. ತಾತ ಸಂತೆ ದಿನ ಅಮ್ಮನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ ಜಾಮೂನು ಕೊಡಿಸುತ್ತಿದ್ದರಂತೆ.

ಒಂದು ಗಂಟೆ ದಾರಿ. ಜೋಳದ ಹೊಲ, ಆಮೇಲೆ ಮರಗಳು, ಆಮೇಲೆ ಸಣ್ಣದೊಂದು ಕೆರೆ. ದಡದಲ್ಲಿ ತಗ್ಗು ಸೂರಿನ ಕಟ್ಟಡ. ಇಂಥ ಜಾಗಗಳು ಊರ ಹೊರಗೇ ಜಾಸ್ತಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು, ಕದ್ದು ಕುಡಿಸುವವರಿಗೆ ಊರಾಚೆಯ ರಸ್ತೆಯೇ ಅನುಕೂಲ. ನಿಷೇಧ ಹೋದ ಮೇಲೆ ಅಂಥ ಎಷ್ಟೋ ಅಡ್ಡೆಗಳು ಮರ್ಯಾದಸ್ಥರ ಊಟದ ಮನೆಗಳಾದವು. ಲೇಕ್ ಡೆಲ್ಟನ್ ಹತ್ತಿರದ ಇಷ್ನಾಲಾ ಅನ್ನೋ ಸಪ್ಪರ್ ಕ್ಲಬ್ 1953ರದ್ದು. ಅಲ್ಲಿ ಪೈನ್ ಮರಗಳು ಸೂರು ಸೀಳಿಕೊಂಡು ಮೇಲೆ ಹೋಗಿವೆ, ಆದರೆ ಮುಂಗಡ ಬುಕಿಂಗ್ ಇಲ್ಲ. ಅದಕ್ಕೇ ಬುಕಿಂಗ್ ಇರುವ ಈ ಸಣ್ಣ ಜಾಗ ಆರಿಸಿದ್ದೆ.

ಐದೂವರೆಗೆ ಬುಕ್ ಆಗಿತ್ತು, ಐದೂಇಪ್ಪತ್ತೈದಕ್ಕೆ ಬಾಗಿಲಲ್ಲಿದ್ದೆವು. ಪುಸ್ತಕ ಹಿಡಿದು ನಿಂತಿದ್ದ ಅಜ್ಜಿಗೆ ಹೆಸರು ಹೇಳಿದೆ. ಆಕೆ ನೋಡಲೂ ಇಲ್ಲ. "ಟೇಬಲ್ ಎಲ್ಲಿಗೂ ಓಡಿಹೋಗಲ್ಲ. ಬಾರ್‌ನಲ್ಲಿ ಕೂತ್ಕೊಳ್ಳಿ."

ನನಗೆ ಮೈ ಉರಿಯಿತು. ಖಾಲಿ ಟೇಬಲ್ ಕಣ್ಣೆದುರೇ ಇವೆ! ಕುಡಿಸಿ ದುಡ್ಡು ಮಾಡೋ ಉಪಾಯ ಅಂದುಕೊಂಡೆ. ಜೊತೆಗೆ ಹುಟ್ಟಿದಾಗಿನಿಂದ ಬಾರ್ ಮೆಟ್ಟಿಲು ಹತ್ತದ ಅಮ್ಮ. ನಮ್ಮೂರಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಮುಂದೆ ಹಾದು ಹೋಗುವಾಗ ಸೆರಗು ಎಳೆದುಕೊಳ್ಳುವವರು. ಐದೂಮುಕ್ಕಾಲು ಆಯಿತು. ಆರಾಯಿತು. ಮತ್ತೆ ಹೋಗಿ ಕೇಳಿದೆ. ಅದೇ ಮಾತು, ಅದೇ ರಾಗ. "ಓಡಿಹೋಗಲ್ಲ ಕಣಮ್ಮ." ಇಂಗ್ಲಿಷಿನಲ್ಲಿ ಅಂದಿದ್ದು 'ಹನ್' ಅಂತ. ನನ್ನ ಕಿವಿಗೆ ಕಣಮ್ಮ ಅಂತಲೇ ಬಿತ್ತು.

ನನ್ನ ಗಂಡ ಅಷ್ಟರಲ್ಲಿ ಬ್ರಾಂಡಿ ಓಲ್ಡ್ ಫ್ಯಾಶನ್ಡ್ ಸ್ವೀಟ್ ತೆಗೆದುಕೊಂಡು ಹಾಯಾಗಿದ್ದ. ಬೇರೆಲ್ಲ ಕಡೆ ವಿಸ್ಕಿ ಹಾಕುವ ಡ್ರಿಂಕಿಗೆ ಇಲ್ಲಿ ಬ್ರಾಂಡಿ. ಕಿತ್ತಳೆ, ಚೆರ್ರಿ, ಸಕ್ಕರೆ, ಬಿಟರ್ಸ್ ಜಜ್ಜಿ, ಮೇಲೆ ಸೆವೆನ್ ಅಪ್. ಪಾನಕವೇ ಸರಿ. ಅವನಿಗೆ ಎಲ್ಲೇ ಕೂರಿಸಿದರೂ ನಡೆಯುತ್ತದೆ, ಅದೂ ಒಂದು ಪುಣ್ಯ.

ಅಮ್ಮ? ಪಕ್ಕದ ಸ್ಟೂಲಿನ ಮುದುಕನ ಜೊತೆ ಮಾತಿಗಿಳಿದಿದ್ದರು. ಆತ ಡೈರಿ ರೈತ. ಅಮ್ಮನಿಗೆ ಇಂಗ್ಲಿಷ್ ಬಾರದು, ನಾನೇ ದುಭಾಷಿ. ಆತ ಫೋನಿನಲ್ಲಿ ಹಸುಗಳ ಫೋಟೋ ತೋರಿಸಿದ. "ಎಷ್ಟು ಹಸು?" ಅರವತ್ತು. "ಅಬ್ಬಾ! ಹಾಲಿಗೆ ಎಷ್ಟು ಕೊಡ್ತಾರೆ ಕೇಳು." ಕೇಳಿದೆ. ಆತ ತಲೆ ಅಲ್ಲಾಡಿಸಿದ, ಗಿಟ್ಟಲ್ಲ ಅಂತ. "ಇಲ್ಲೂ ಅದೇ ಗೋಳಾ" ಅಂತ ಅಮ್ಮ ಲೊಚಗುಟ್ಟಿದರು. ಮಗನಿಗೆ ದನ ಬೇಡವಂತೆ. ಈ ಕ್ಲಬ್ಬಿನ ಅಜ್ಜಿಯ ಮಕ್ಕಳಿಗೂ ಹೋಟೆಲ್ ಬೇಡವಂತೆ. ತಾತ ಹೋಗುತ್ತಿದ್ದ ಕ್ಲಬ್ಬಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ ಅಂತ ಅಮ್ಮ ಹೇಳಿದರು. ಅದನ್ನೂ ನಾನೇ ತರ್ಜುಮೆ ಮಾಡಿದೆ.

ಅಷ್ಟರಲ್ಲಿ ಒಬ್ಬಳು ಹುಡುಗಿ ಬಾರ್‌ಗೇ ಬಂದು ಊಟ ಏನು ಬೇಕು ಅಂತ ಬರೆದುಕೊಂಡು ಹೋದಳು. ಆಗ ಅರ್ಥವಾಯಿತು, ಪದ್ಧತಿಯೇ ಇದು. ಆರ್ಡರ್ ಇಲ್ಲೇ. ಟೇಬಲಿನ ಮೇಲೆ ಮೊದಲ ತಟ್ಟೆ ಬಂದು ಕೂತ ಮೇಲೆ ಕರೆಯುತ್ತಾರೆ. ನಾನು ಸುಮ್ಮನೆ ಒಂದು ಗಂಟೆ ಕುದ್ದಿದ್ದೆ.

ಆರೂಇಪ್ಪತ್ತೈದಕ್ಕೆ ಕರೆದರು. ಟೇಬಲಿನ ಮೇಲೆ ರೆಲಿಶ್ ಟ್ರೇ. ಮೂಲಂಗಿ, ಕ್ಯಾರೆಟ್, ಸೆಲರಿ, ಉಪ್ಪಿನಲ್ಲಿ ನೆನೆಸಿದ ಸೌತೆ, ಚೀಸ್, ಬಿಸ್ಕತ್ತು. "ಕೋಸಂಬರಿಗೆ ಹೆಚ್ಚೋದು ಮರೆತಿದ್ದಾರೆ" ಅಂದರು ಅಮ್ಮ. ಆಲೂಗಡ್ಡೆ ಪ್ಯಾನ್‌ಕೇಕ್ ಕೇಳಿದ್ದೆವು, ಮೊಟ್ಟೆ ಇದೆ ಅಂತ ಹುಡುಗಿಯೇ ಎಚ್ಚರಿಸಿದ್ದಳು. ಕೊನೆಗೆ ಅಮ್ಮನಿಗೆ ಸುಟ್ಟ ಆಲೂಗಡ್ಡೆ, ಬೆಣ್ಣೆ, ಬ್ರೆಡ್ಡು. ಸುತ್ತಮುತ್ತ ಎಲ್ಲ ತಟ್ಟೆಯಲ್ಲೂ ಮೀನು. ಕ್ಯಾಥಲಿಕ್ಕರು ಶುಕ್ರವಾರ ಮಾಂಸ ಬಿಡುತ್ತಿದ್ದ ಕಾಲದ ರೂಢಿ ಅದು. "ಹಾಗಾದ್ರೆ ಇವರಿಗೂ ವಾರ ಇದೆ" ಅಂತ ಅಮ್ಮನಿಗೆ ಖುಷಿ. ಕೊನೆಗೆ ನನಗೆ ಗ್ರಾಸ್‌ಹಾಪರ್, ಐಸ್‌ಕ್ರೀಮ್ ಹಾಕಿದ ಹಸಿರು ಡ್ರಿಂಕ್. ಹೆಸರಿನ ಅರ್ಥ ಮಿಡತೆ ಅಂದಿದ್ದೇ ತಪ್ಪಾಯಿತು, ಅಮ್ಮ ಲೋಟದೊಳಗೆ ಇಣುಕಿ ನೋಡಿದರು.

ಊಟ ಅಂಥದ್ದೇನಲ್ಲ, ನಿಜ ಹೇಳಬೇಕೆಂದರೆ. ಆದರೆ ಒಂಬತ್ತು ಗಂಟೆಯಾದರೂ ಯಾರೂ ಬಿಲ್ ತಂದು ಇಡಲಿಲ್ಲ. ನಾನು ಕೊಂಡಾಡುವ ನಮ್ಮ ಹಳೇ ಹೋಟೆಲುಗಳಲ್ಲಿ ಏನಾಗುತ್ತದೆ? ನೀವು ದೋಸೆಯ ಕೊನೇ ಚೂರಿಗೆ ಬಂದಾಗ ಕುರ್ಚಿ ಹಿಂದೆ ಒಂದು ಸಂಸಾರವೇ ನಿಂತಿರುತ್ತದೆ. ನಾನೂ ಹಾಗೆ ಎಷ್ಟೋ ಸಲ ನಿಂತಿದ್ದೇನೆ, ಯಾರದೋ ಕಾಫಿ ಲೋಟ ನೋಡುತ್ತಾ. ಇಲ್ಲಿ ಕಾಯೋದೆಲ್ಲ ಮೊದಲೇ ಮುಗಿದಿರುತ್ತದೆ. ಕೂತ ಮೇಲೆ ಆ ರಾತ್ರಿಯ ಮಟ್ಟಿಗೆ ಟೇಬಲ್ ನಿಮ್ಮದೇ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ, ಅದು ಎಲ್ಲಿಗೂ ಓಡಿಹೋಗಲಿಲ್ಲ.

ಐದು ತಿಂಗಳಲ್ಲಿ ಅಮ್ಮನ ಜೊತೆ ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದು ಅವತ್ತೇ. ನಯಾಗರ ತೋರಿಸಿದೆ, ಷಿಕಾಗೋ ತೋರಿಸಿದೆ, ಎಲ್ಲ ಕಡೆಯೂ ಗಡಿಯಾರ ನೋಡಿಕೊಂಡೇ. ತಾತ ಜಾಮೂನು ಕೊಡಿಸಿದ ಕಥೆಯನ್ನೂ ಮೊದಲು ಕೇಳಿರಲಿಲ್ಲ. ಜಾಮೂನು ಒಂದೇ ತರಿಸುತ್ತಿದ್ದರಂತೆ. ತಾತ ಎದುರು ಕೂತು ನೋಡುತ್ತಿದ್ದರಂತೆ.

ಹೊರಡುವಾಗ ಅಜ್ಜಿ ಪುಸ್ತಕದಿಂದ ತಲೆ ಎತ್ತಿ ಅಮ್ಮನ ಕಡೆ ನೋಡಿ, "ಮುಂದಿನ ಶುಕ್ರವಾರ ಸಿಗೋಣ" ಅಂದಳು. ಎಲ್ಲರಿಗೂ ಹಾಗೇ ಅನ್ನುತ್ತಾಳೆ ಅನ್ನಿಸುತ್ತದೆ. ಮುಂದಿನ ಶುಕ್ರವಾರ ಅಮ್ಮ ವಿಮಾನದಲ್ಲಿರುತ್ತಾರೆ.

"ಏನಂದ್ರು?" ಅಮ್ಮ ಕೇಳಿದರು.

"ಹೋಗಿ ಬನ್ನಿ ಅಂತಿದಾರೆ."

ಅಮ್ಮ ಕೈ ಮುಗಿದು, ಕನ್ನಡದಲ್ಲೇ, "ಬರ್ತೀನಮ್ಮ" ಅಂದರು.