ಮನೆಗಂದಾಯದಲ್ಲಿ ಶಾಲೆಯ ಪಾಲು
2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ಮಾರ್ಗಸೂಚಿ ದರ (ಆಸ್ತಿಗೆ ಸರ್ಕಾರ ಗೊತ್ತುಪಡಿಸುವ ಕನಿಷ್ಠ ಬೆಲೆ) ಪರಿಷ್ಕರಣೆಯಾದ ಮೇಲೆ, ಅದನ್ನೇ ಆಧರಿಸಿ ಲೆಕ್ಕ ಹಾಕುವ ಆಸ್ತಿ ತೆರಿಗೆ, ವರ್ಷಗಳಿಂದ ಸುಣ್ಣ ಕಾಣದ ತುಮಕೂರಿನ ನಮ್ಮ ಮನೆಗೂ ಏರಿತು. ಏಪ್ರಿಲ್‌ನಲ್ಲೇ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿಗಾಗಿ ಪಿಂಚಣಿಯಲ್ಲಿ ಹಣ ಎತ್ತಿಡುವ ಅಮ್ಮ, ರಸೀದಿಯ ಮೇಲೆ ಬೆರಳಿಟ್ಟು, ‘ಇದರಲ್ಲಿ ಶಾಲೆಗೆಷ್ಟು?’ ಎಂದು ಕೇಳಿದರು.

ಅಮೆರಿಕದಲ್ಲಿ ಸ್ಥಳೀಯ ಶಾಲೆಗಳು ಆಸ್ತಿ ತೆರಿಗೆಯನ್ನು ಬಹಳವಾಗಿ ನೆಚ್ಚಿಕೊಂಡಿರುವುದರಿಂದ, ಮನೆಗಳ ಬೆಲೆ ಕಡಿಮೆಯಿರುವ ಊರಿನ ಮಕ್ಕಳ ಶಾಲೆಗೂ ಹಣ ಕಡಿಮೆ ಬೀಳುವ ಭಯವಿದೆ. ನಮ್ಮಲ್ಲಿ ಸರ್ಕಾರಿ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ, ಅದು ನ್ಯಾಯವೇ ಸರಿ. ಆದರೆ ರಸೀದಿಯಲ್ಲಿ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಇವೆ, ಶಾಲೆಯ ಹೆಸರಿಲ್ಲ. ಮಾರದ ಮನೆಯ ಬೆಲೆ ಏರಿದರೆ ಅಮ್ಮನ ಆದಾಯವೇನೂ ಏರದು. ಹೆಚ್ಚು ಕಟ್ಟಿಸಿಕೊಳ್ಳುವುದಾದರೆ, ಒಂದು ಪಾಲು ನಮ್ಮ ಬೀದಿಯ ಶಾಲೆಯ ಸೋರುವ ಹಂಚಿಗೆ ಹೋಗಲಿ.