ಕಾಪ್ಸ್ ತಿರುವು: ಗೋಡೆಯನ್ನಲ್ಲ, ಎಪೆಕ್ಸನ್ನು ನೋಡಿ

18 ಜುಲೈ 2025, ಶುಕ್ರವಾರ

ಇವತ್ತಿಗೆ ಸರಿಯಾಗಿ ನಾಲ್ಕು ವರ್ಷ. 2021ರ ಬ್ರಿಟಿಷ್ ಗ್ರ್ಯಾನ್ ಪ್ರಿ, ಅಂದರೆ ಬ್ರಿಟನ್ನಿನ ಫಾರ್ಮುಲಾ 1 ಕಾರ್ ರೇಸ್, ಸಿಲ್ವರ್‌ಸ್ಟೋನ್, ಮೊದಲ ಸುತ್ತು. ಕಾಪ್ಸ್ ಎಂಬ ಬಲ ತಿರುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಎಡ ಮುಂಚಕ್ರ ಮ್ಯಾಕ್ಸ್ ವರ್ಸ್ಟಾಪನ್ ಕಾರಿನ ಬಲ ಹಿಂಚಕ್ರಕ್ಕೆ ತಾಗಿತು. ವರ್ಸ್ಟಾಪನ್ ಕಾರು ಟೈರ್ ಗೋಡೆಗೆ ಅಪ್ಪಳಿಸಿತು. ಹೊಡೆತ 51 ಜಿ, ಅಂದರೆ ಗುರುತ್ವದ 51 ಪಟ್ಟು, ಎಂದು ಅವನ ತಂಡ ರೆಡ್ ಬುಲ್ ಹೇಳಿತು. ಹ್ಯಾಮಿಲ್ಟನ್ 10 ಸೆಕೆಂಡ್ ದಂಡ ತೆತ್ತೂ ರೇಸ್ ಗೆದ್ದ. ತಪ್ಪು ಯಾರದು ಎಂಬ ವಾದ ಇನ್ನೂ ಮುಗಿದಿಲ್ಲ. ಮುಗಿಯದಿರಲು ಕಾರಣ, ಹೆಚ್ಚಿನವರು ಗೋಡೆಯಿಂದ ಹಿಂದಕ್ಕೆ ಯೋಚಿಸುತ್ತಾರೆ. ತಪ್ಪು ತೂಗಬೇಕಾದ ಜಾಗ ಗೋಡೆಯಲ್ಲ, ಸ್ಟಿಯರಿಂಗ್ ತಿರುಗಿದ ಗಳಿಗೆಯಿಂದ ಎಪೆಕ್ಸ್‌ವರೆಗಿನ, ಅಂದರೆ ಕಾರು ತಿರುವಿನ ಒಳಅಂಚಿಗೆ ಅತಿ ಹತ್ತಿರ ಬರುವ ಬಿಂದುವಿನವರೆಗಿನ, ಆ ಕೆಲವೇ ಮೀಟರ್.

ರೇಸ್‌ನ ತೀರ್ಪುಗಾರರಾದ ಸ್ಟೀವರ್ಡ್‌ಗಳು ನೋಡಿದ್ದು ಅಷ್ಟನ್ನೇ. ತಿರುವು ಹೊಕ್ಕಾಗ ವರ್ಸ್ಟಾಪನ್ ಮುಂದಿದ್ದ, ಹ್ಯಾಮಿಲ್ಟನ್ ಒಳಬದಿಯಲ್ಲಿ ತುಸು ಹಿಂದಿದ್ದ. ಹ್ಯಾಮಿಲ್ಟನ್ ಹಿಡಿದ ದಾರಿ ಎಪೆಕ್ಸ್ ಮುಟ್ಟುವಂತಿರಲಿಲ್ಲ, ಅವನ ಬಲಕ್ಕೆ ಇನ್ನೂ ಜಾಗ ಖಾಲಿಯಿತ್ತು. ಆ ಖಾಲಿ ಜಾಗವೇ ಇಡೀ ಪ್ರಕರಣದ ಸಾಕ್ಷಿ. ಒಳಗೆ ನುಗ್ಗಲು ಅವನಿಗೆ ಹಕ್ಕಿರಲಿಲ್ಲ ಎಂದು ಸ್ಟೀವರ್ಡ್‌ಗಳು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನುಗ್ಗಿದ ಮೇಲೆ ಒಳಅಂಚಿಗೆ ಅಂಟಿಕೊಳ್ಳಬೇಕಿತ್ತು, ಅಂಟಿಕೊಳ್ಳಲಿಲ್ಲ.

ಯಾಕೆ ಆಗಲಿಲ್ಲ? ಸಾಮಾನ್ಯವಾಗಿ ಕಾಪ್ಸ್‌ಗೆ ಎಡ ಅಂಚಿನಿಂದ ಬಂದು ಅಗಲವಾದ ಕಮಾನು ಎಳೆಯುತ್ತಾರೆ. ಒಳಬದಿಯಿಂದ ಹೊಕ್ಕರೆ ಕಮಾನು ಕಿರಿದಾಗುತ್ತದೆ, ಅದೇ ವೇಗ ನಿಲ್ಲುವುದಿಲ್ಲ. ಜೊತೆಗೆ ಅದು ಮೊದಲ ಸುತ್ತು: 752 ಕೆಜಿ ಕನಿಷ್ಠ ತೂಕದ ಕಾರಿನ ಮೇಲೆ ರೇಸ್‌ನ ಪೂರ್ತಿ ಇಂಧನ, ಟೈರ್ ಇನ್ನೂ ಸರಿಯಾಗಿ ಕಾದಿಲ್ಲ, ಪಕ್ಕದಲ್ಲೇ ಇನ್ನೊಂದು ಕಾರು ಗಾಳಿ ಕಲಕುತ್ತಿದೆ. ಇವೆಲ್ಲ ಸೇರಿದರೆ ಮೂತಿ ಹೊರಗೆ ಜಾರುತ್ತದೆ, ಅಂದರೆ ಅಂಡರ್‌ಸ್ಟಿಯರ್. ಮದ್ದು ಒಂದೇ, ಮೊದಲೇ ಇನ್ನಷ್ಟು ವೇಗ ಇಳಿಸುವುದು.

ಸ್ಟೀವರ್ಡ್‌ಗಳ ತೀರ್ಪಿನ ಪದ 'ಪ್ರಿಡಾಮಿನೆಂಟ್ಲಿ'. ಅಂದರೆ ತಪ್ಪಿನ ಹೆಚ್ಚಿನ ಪಾಲು, ಪೂರ್ತಿ ಅಲ್ಲ. ಈ ಒಂದು ಪದವನ್ನು ಎರಡೂ ಕಡೆಯ ಅಭಿಮಾನಿಗಳು ನುಂಗಿಬಿಡುತ್ತಾರೆ. ವರ್ಸ್ಟಾಪನ್ ಇನ್ನೂ ಹೊರಗೆ ಸರಿಯಬಹುದಿತ್ತು, ನಿಜ. ಆದರೆ ಒಂದು ಕಾರಿಗೆ ಸಾಕಾಗುವಷ್ಟು ಜಾಗ ಅವನು ಬಿಟ್ಟಿದ್ದ. ನನ್ನ ಲೆಕ್ಕದಲ್ಲಿ ತೀರ್ಪು ಸರಿ.

ಮತ್ತೆ ನೋಡುವವರು ಮೊದಲು ಮೇಲಿನಿಂದ ತೆಗೆದ ದೃಶ್ಯ ನೋಡಿ, ಆನ್‌ಬೋರ್ಡ್ ಆಮೇಲೆ. ಆನ್‌ಬೋರ್ಡ್ ಕ್ಯಾಮೆರಾ ಇರುವುದು ಚಾಲಕನ ತಲೆಯ ಹಿಂದೆ, ಅಗಲ ಲೆನ್ಸ್ ಬೇರೆ. ಪಕ್ಕದ ಕಾರು ಎಷ್ಟು ಮುಂದಿದೆ, ಅಂಚಿಗೆ ಎಷ್ಟು ಅಂತರವಿದೆ ಎಂಬುದು ಅದರಲ್ಲಿ ಮೋಸ ಮಾಡುತ್ತದೆ. ಮೂರು ಕಡೆ ಚಿತ್ರ ನಿಲ್ಲಿಸಿ: ವೇಗ ಇಳಿಸುವಲ್ಲಿ, ಸ್ಟಿಯರಿಂಗ್ ತಿರುಗುವಲ್ಲಿ, ಎಪೆಕ್ಸ್‌ನಲ್ಲಿ. ಒಳಗಿನ ಕಾರಿನ ಮುಂದಿನ ಆಕ್ಸಲ್ (ಮುಂಚಕ್ರಗಳ ಅಚ್ಚು) ಹೊರಗಿನ ಕಾರಿನ ಕನ್ನಡಿಯ ಮಟ್ಟಕ್ಕೆ ಬಂದಿದೆಯೇ? 2025ರಲ್ಲಿ ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಬಹಿರಂಗಪಡಿಸಿದ ಮಾರ್ಗಸೂಚಿಯ ಅಳತೆ ಅದೇ, ಎಪೆಕ್ಸ್‌ಗೆ ಮೊದಲೂ ಎಪೆಕ್ಸ್‌ನಲ್ಲೂ ಹಾಗಿರಬೇಕು. ಕಾರು ಹಿಡಿತದಲ್ಲಿರಬೇಕು ಎಂಬ ಷರತ್ತೂ ಉಂಟು. ಹೊರಗಿನಿಂದ ಹಿಂದಿಕ್ಕುವವನಿಗೆ ಅಳತೆ ಇನ್ನೂ ಕಠಿಣ: ಎಪೆಕ್ಸ್‌ನಲ್ಲಿ ಅವನ ಮುಂದಿನ ಆಕ್ಸಲ್ ಎದುರಾಳಿಯ ಮುಂದಿನ ಆಕ್ಸಲ್‌ಗಿಂತ ಮುಂದಿರಬೇಕು.

ಇದನ್ನೇ 2021ರ ಸೆಪ್ಟೆಂಬರ್ 12ರಂದು ಇಟಲಿಯ ಮೊನ್ಜಾದಲ್ಲಿ ನಡೆದ ರೇಸ್‌ಗೆ ಹಚ್ಚಿ ನೋಡಿ. ಟೈರ್ ಬದಲಿಸುವ ಪಿಟ್‌ನಿಂದ ಹೊರಬಂದ ಹ್ಯಾಮಿಲ್ಟನ್ ಪಕ್ಕಕ್ಕೆ ವರ್ಸ್ಟಾಪನ್ ಹೊರಗಿನಿಂದ ಬಂದ, ಆದರೆ ತಡವಾಗಿ. ತಿರುವಿನೊಳಗೆ ಸಾಕಷ್ಟು ದೂರ ಹೋಗುವವರೆಗೆ ಅವನು ಪಕ್ಕಕ್ಕೇ ಬಂದಿರಲಿಲ್ಲ. ಅವನ ಕಾರು ಹ್ಯಾಮಿಲ್ಟನ್ ಕಾರಿನ ಮೇಲೇ ಹತ್ತಿತು, ಹ್ಯಾಮಿಲ್ಟನ್ ತಲೆ ಉಳಿಸಿದ್ದು ಹೇಲೋ, ಅಂದರೆ ಚಾಲಕನ ತಲೆಯ ಸುತ್ತಲಿನ ರಕ್ಷಣಾ ಚೌಕಟ್ಟು. ಈ ಸಲ ಹೆಚ್ಚಿನ ತಪ್ಪು ವರ್ಸ್ಟಾಪನ್‌ದು. ಅವನೂ ರೇಸ್‌ನಿಂದ ಹೊರಬಿದ್ದಿದ್ದರಿಂದ ದಂಡ ಮುಂದಿನ ರೇಸ್‌ಗೆ ಹೋಯಿತು: ಸೋಚಿಯಲ್ಲಿ ಗ್ರಿಡ್‌ನಲ್ಲಿ, ಅಂದರೆ ರೇಸ್ ಶುರುವಾಗುವ ಸಾಲಿನಲ್ಲಿ, ಮೂರು ಸ್ಥಾನ ಹಿಂದಕ್ಕೆ. ಎರಡೂ ಪ್ರಕರಣಗಳಲ್ಲಿ ತಪ್ಪಿತಸ್ಥನಿಗೆ 2 ಪೆನಾಲ್ಟಿ ಅಂಕ. 12 ತಿಂಗಳಲ್ಲಿ 12 ಅಂಕ ಸೇರಿದರೆ ಒಂದು ರೇಸ್ ನಿಷೇಧ. 2024ರಲ್ಲಿ ಕೆವಿನ್ ಮ್ಯಾಗ್ನುಸೆನ್ ಬಾಕು ರೇಸ್‌ನಿಂದ ಹೊರಗುಳಿಯಬೇಕಾದದ್ದು ಹೀಗೆ.

ಸಿಲ್ವರ್‌ಸ್ಟೋನ್‌ನಲ್ಲಿ ಒಬ್ಬ ಆಸ್ಪತ್ರೆಗೆ ಹೋದ, ಇನ್ನೊಬ್ಬ ಟ್ರೋಫಿ ಎತ್ತಿದ, ಇದು ನ್ಯಾಯವೇ ಎಂಬ ಪ್ರಶ್ನೆ ನೋವಿನದು, ಅರ್ಥವಾಗುತ್ತದೆ. ಆದರೂ ಸ್ಟೀವರ್ಡ್‌ಗಳು ತೂಗುವುದು ಚಾಲನೆಯ ತಪ್ಪನ್ನು, ಅದರ ಪರಿಣಾಮವನ್ನಲ್ಲ. ಅದೇ ತಾಗುವಿಕೆಯಲ್ಲಿ ವರ್ಸ್ಟಾಪನ್ ಬರೀ ಸುತ್ತು ತಿರುಗಿ ಮುಂದುವರಿದಿದ್ದರೂ ತಪ್ಪು ಅಷ್ಟೇ ಇರುತ್ತಿತ್ತು.

ಸಿಲ್ವರ್‌ಸ್ಟೋನ್ ತೀರ್ಪಿನ ಮರುಪರಿಶೀಲನೆಯನ್ನು ರೆಡ್ ಬುಲ್ ಕೇಳಿತು. ತನ್ನ ಮೀಸಲು ಚಾಲಕ ಅಲೆಕ್ಸ್ ಆಲ್ಬನ್‌ನನ್ನು 2019ರ ಕಾರಿನಲ್ಲಿ ಸಿಲ್ವರ್‌ಸ್ಟೋನ್‌ಗೆ ಇಳಿಸಿ ಹ್ಯಾಮಿಲ್ಟನ್ ಹಿಡಿದ ದಾರಿಯನ್ನೇ ಓಡಿಸಿತು. ನಿಯಮದ ಪ್ರಕಾರ ಸಾಕ್ಷ್ಯ ಹೊಸದಿರಬೇಕು, ಮಹತ್ವದ್ದಿರಬೇಕು, ಸಂಬಂಧಪಟ್ಟದ್ದಿರಬೇಕು, ತೀರ್ಪಿನ ವೇಳೆ ಸಿಗದೇ ಇದ್ದಿರಬೇಕು. ಇದು ಪತ್ತೆಯಾದದ್ದಲ್ಲ, ತಯಾರಿಸಿದ್ದು ಎಂದು ಜುಲೈ 29ರಂದು ಅರ್ಜಿ ತಳ್ಳಿಹಾಕಿದರು.

ಅಷ್ಟು ಕಷ್ಟಪಡುವ ಅಗತ್ಯವೂ ಇರಲಿಲ್ಲ. ಒಳ್ಳೆಯ ಹೋಲಿಕೆ ಅದೇ ರೇಸ್‌ನ 50ನೇ ಸುತ್ತಿನಲ್ಲಿದೆ. ಅದೇ ಕಾಪ್ಸ್, ಅದೇ ಒಳಬದಿ, ಹೊರಗೆ ಫೆರಾರಿ ತಂಡದ ಶಾರ್ಲ್ ಲೆಕ್ಲೆರ್. ಈ ಸಲ ಹ್ಯಾಮಿಲ್ಟನ್ ಒಳಅಂಚಿನ ಹತ್ತಿರವೇ ಉಳಿದ. ಲೆಕ್ಲೆರ್ ಹೊರಕ್ಕೆ ಜಾರಿದ, ಕಾರು ಒಮ್ಮೆ ಅಲುಗಿತು, ಅಷ್ಟೇ. ಎರಡೂ ಸುತ್ತುಗಳ ಎಪೆಕ್ಸ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಅಂಚಿಗೂ ಅವನ ಬಲ ಮುಂಚಕ್ರಕ್ಕೂ ನಡುವಿನ ಜಾಗ ನೋಡಿ.